ಸಂಘದಲ್ಲಿರುವ ನಿಮ್ಮ ಖಾತೆ ವಿವರ: ಕಾಯುವ ಹೊಣೆ ಯಾರದು?



ಹಿಂದೆ ಹಾಲಿನ ಬಟವಾಡೆ ಎಂದರೆ ಕಾರ್ಯದರ್ಶಿಗಳ ಮೇಜಿನ ಮೇಲೆ ನೋಟಿನ ಕಟ್ಟು, ಬಟವಾಡೆ ಪುಸ್ತಕ ಮತ್ತು ತಮ್ಮ ಸಹಿ ಅಥವಾ ಹೆಬ್ಬೆಟ್ಟು. ಒಂದು ನೋಟು ಕಡಿಮೆ ಬಂದರೂ ಅಲ್ಲೇ ಎಣಿಸಿ ಕೇಳುತ್ತಿದ್ದಿರಿ. ಈಗ ಹಾಲಿನ ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ನೇರವಾಗಿ ಖಾತೆಗೆ ಜಮಾ ಆಗುತ್ತದೆ. ರಾಸು ವಿಮೆಯ ಪರಿಹಾರ, ಹೈನುಗಾರಿಕೆಗೆ ಪಡೆದ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ, ಎಲ್ಲವೂ ಹಾಗೆಯೇ. ಇದರಿಂದ ಅನುಕೂಲ ಬಹಳ ಆಗಿದೆ. ಆದರೆ ಈ ಅನುಕೂಲಕ್ಕಾಗಿ ತಾವು ಒಂದಲ್ಲ ಒಂದು ಕಡೆ ಆಧಾರ್ ಪ್ರತಿ, ಪಾಸ್ ಬುಕ್ ಪ್ರತಿ, ಮೊಬೈಲ್ ಸಂಖ್ಯೆ, ಭಾವಚಿತ್ರ ಮತ್ತು ಬೆರಳಚ್ಚು ಕೊಟ್ಟಿದ್ದೀರಿ. ಆ ಕಾಗದಗಳು ಈಗ ಎಲ್ಲಿವೆ, ಯಾರ ಕೈಯಲ್ಲಿವೆ ಎಂದು ಎಂದಾದರೂ ವಿಚಾರಿಸಿದ್ದೀರಾ?

ಪಶುವೈದ್ಯರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ರಾಸಿನ ಕಿವಿಗೆ 12 ಅಂಕಿಯ ಓಲೆ ಹಾಕುವಾಗ ಮಾಲೀಕರ ಹೆಸರು, ಮೊಬೈಲ್ ಸಂಖ್ಯೆಗಳನ್ನು ಬರೆದುಕೊಳ್ಳುವವರು ನಾವೇ. ವಿಮೆಯ ಅರ್ಜಿಗೆ ಆರೋಗ್ಯ ಪ್ರಮಾಣ ಪತ್ರ ಕೊಡುವಾಗ ಅದರ ಜೊತೆಗಿನ ಪಾಸ್ ಬುಕ್ ಪ್ರತಿ ನಮ್ಮ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಮಾತುಗಳು ಸಂಘಕ್ಕೆ ಎಷ್ಟೋ, ನಮಗೂ ಅಷ್ಟೇ ಅನ್ವಯಿಸುತ್ತವೆ.

ನಷ್ಟದ ಲೆಕ್ಕ

ದಿನಕ್ಕೆ 10 ಲೀಟರ್ ಹಾಲು ಹಾಕುವ ಒಬ್ಬ ಸದಸ್ಯೆ ಇದ್ದಾರೆ ಎಂದುಕೊಳ್ಳೋಣ. 15 ದಿನಗಳ ಬಟವಾಡೆಗೆ 150 ಲೀಟರ್ ಆಯಿತು. ಲೆಕ್ಕಕ್ಕಾಗಿ ಲೀಟರಿಗೆ 35 ರೂಪಾಯಿ ಹಿಡಿದರೆ 5,250 ರೂಪಾಯಿ. ಎರಡು ಬಟವಾಡೆ ಸೇರಿದರೆ ತಿಂಗಳಿಗೆ 10,500 ರೂಪಾಯಿ. ಪಶು ಆಹಾರ, ಖನಿಜ ಮಿಶ್ರಣ, ಮಕ್ಕಳ ಶಾಲೆ, ಮನೆಯ ದಿನಸಿ ಎಲ್ಲವೂ ಇದರಲ್ಲೇ ನಡೆಯಬೇಕು.

ಈಗ ಇನ್ನೊಂದು ಲೆಕ್ಕ ನೋಡಿ. ಹಳ್ಳಿಗಳಲ್ಲಿ ಬ್ಯಾಂಕ್ ಪ್ರತಿನಿಧಿಗಳು ಸಣ್ಣ ಯಂತ್ರದ ಮೇಲೆ ಬೆರಳು ಇಡಿಸಿಕೊಂಡು ಹಣ ಕೊಡುವುದನ್ನು ತಾವು ಬಲ್ಲಿರಿ. ಇದಕ್ಕೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎನ್ನುತ್ತಾರೆ. ಇದರಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಸಾಕು. ಎಟಿಎಂ ಕಾರ್ಡ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಅಂದರೆ ಒಂದು ಕಳ್ಳ ಬೆರಳಚ್ಚಿನ ಬೆಲೆ ಆ ಸದಸ್ಯೆಯ ಒಂದು ತಿಂಗಳ ಹಾಲು.

ನಡೆದಿರುವ ಮೂರು ಪ್ರಕರಣಗಳು

ಇದು ಬರಿಯ ಊಹೆಯ ಮಾತಲ್ಲ. ಮೂರು ಪ್ರಕರಣಗಳನ್ನು ಗಮನಿಸೋಣ. ಮೂರರಲ್ಲಿಯೂ ಪಾಠ ಬೇರೆ ಬೇರೆ.

ಮೊದಲನೆಯದು ನಮ್ಮ ರಾಜ್ಯದ್ದೇ. 2023ರಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ, ಇತ್ತೀಚೆಗೆ ಆಸ್ತಿ ನೋಂದಣಿ ಮಾಡಿಸಿದ್ದ ಜನರ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಹೋಯಿತು. ತನಿಖೆ ನಡೆದಾಗ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳ ಪ್ರತಿಗಳಿಂದ ವಂಚಕರು ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ತೆಗೆದುಕೊಂಡಿದ್ದು ಬೆಳಕಿಗೆ ಬಂತು. ಆ ಗುರುತುಗಳಿಂದ ನಕಲಿ ಬೆರಳಚ್ಚು ತಯಾರಿಸಿ ಹಣ ತೆಗೆದಿದ್ದರು. ಮಂಗಳೂರು ಪೊಲೀಸರು ಅದೇ ವರ್ಷ ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ನಂತರ ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಳ್ಳಲಾಯಿತು. ಇಲ್ಲಿ ಹಣ ಕಳೆದುಕೊಂಡವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಕರೆಗೂ ಮೋಸ ಹೋಗಿರಲಿಲ್ಲ. ಒಂದು ಕಚೇರಿಗೆ ನ್ಯಾಯವಾಗಿ ಕೊಟ್ಟ ಕಾಗದವೇ ಅವರಿಗೆ ಮುಳುವಾಯಿತು.

ಎರಡನೆಯದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನದು. 2018ರ ಆಗಸ್ಟ್ 11 ಮತ್ತು 13ರಂದು ದುಷ್ಕರ್ಮಿಗಳು ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಯೊಳಗೆ ನುಸುಳಿ, ನಕಲಿ ಕಾರ್ಡುಗಳ ಮೂಲಕ ಅನೇಕ ದೇಶಗಳ ಎಟಿಎಂಗಳಿಂದ ಹಣ ತೆಗೆದು, ಉಳಿದದ್ದನ್ನು ವಿದೇಶಿ ಖಾತೆಗೆ ವರ್ಗಾಯಿಸಿ, ಒಟ್ಟು ಸುಮಾರು 94 ಕೋಟಿ ರೂಪಾಯಿ ದೋಚಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪಟ್ಟಣ ಸಹಕಾರಿ ಬ್ಯಾಂಕುಗಳೆಲ್ಲ ಪಾಲಿಸಬೇಕಾದ ಮೂಲಭೂತ ಸೈಬರ್ ಸುರಕ್ಷತಾ ಕ್ರಮಗಳ ಪಟ್ಟಿ ಹೊರಡಿಸಿತು. ಸಹಕಾರಿ ಸಂಸ್ಥೆಯನ್ನು ಯಾರು ಕೇಳುತ್ತಾರೆ ಎಂಬ ಮಾತಿಗೆ ಇದರ ನಂತರ ಅರ್ಥವಿಲ್ಲ.

ಮೂರನೆಯದು 2024ರ ಜುಲೈ ಕೊನೆಯದು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳಲ್ಲಿ, ಅಂದರೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಲ್ಲಿ, ಯುಪಿಐ ಮತ್ತಿತರ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತುಹೋಯಿತು. ಆ ಬ್ಯಾಂಕುಗಳ ತಪ್ಪು ಏನೂ ಇರಲಿಲ್ಲ. ಅವುಗಳಿಗೆ ಕಂಪ್ಯೂಟರ್ ಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ, ಕಡತಗಳನ್ನು ಬೀಗ ಹಾಕಿ ಒತ್ತೆಹಣ ಕೇಳುವ ರ್‍ಯಾನ್ಸಮ್‌ವೇರ್ ದಾಳಿ ಆಗಿತ್ತು. ರೋಗ ಹರಡದಂತೆ ಹಿಂಡಿನಿಂದ ರಾಸನ್ನು ಬೇರೆ ಕಟ್ಟುವ ಹಾಗೆ, ರಾಷ್ಟ್ರೀಯ ಪಾವತಿ ನಿಗಮವು ಆ ಕಂಪನಿಯ ಸಂಪರ್ಕವನ್ನು ಬೇರ್ಪಡಿಸಿತು. ನಮ್ಮ ಕೊಟ್ಟಿಗೆ ಸ್ವಚ್ಛವಾಗಿದ್ದರೂ ಹೊರಗಿನಿಂದ ಬಂದವರ ಕಾಲಿನಲ್ಲಿ ಕಾಲುಬಾಯಿ ಜ್ವರ ಬರುವುದನ್ನು ತಾವು ಕಂಡಿದ್ದೀರಿ. ಇದೂ ಅಂಥದ್ದೇ.

ಕಾನೂನು ಏನು ಹೇಳುತ್ತದೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳು ಸಿದ್ಧವಾಗಲಿ ಎಂದು ಮುಖ್ಯ ಕಲಮುಗಳಿಗೆ ಪ್ರಕಟಣೆಯ ದಿನದಿಂದ 18 ತಿಂಗಳ ಕಾಲಾವಕಾಶ ಇಡಲಾಯಿತು. ಇದು ಸಿದ್ಧತೆಗೆ ಕೊಟ್ಟ ಕಾಲ, ಸುಮ್ಮನೆ ಕೂರಲು ಕೊಟ್ಟದ್ದಲ್ಲ.

ಈ ಕಾಯ್ದೆಯ ಮುಖ್ಯಾಂಶಗಳನ್ನು ಸರಳವಾಗಿ ಹೀಗೆ ಹೇಳಬಹುದು:

1. ಯಾವ ಕೆಲಸಕ್ಕಾಗಿ ವಿವರ ಕೇಳುತ್ತಿದ್ದೇವೆ ಎಂಬುದನ್ನು ಸಂಸ್ಥೆಯು ಸ್ಪಷ್ಟವಾಗಿ ತಿಳಿಸಬೇಕು. ಈ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯಲು ತಮಗೆ ಅವಕಾಶವಿದೆ.

2. ಹೇಳಿದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ವಿವರ ಪಡೆಯಬೇಕು. ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅದನ್ನು ಅಳಿಸಬೇಕು.

3. ತಪ್ಪಾದ ವಿವರವನ್ನು ತಿದ್ದಿಸುವ ಹಕ್ಕು, ತಮ್ಮ ಬಗ್ಗೆ ಏನೇನು ಇಟ್ಟುಕೊಂಡಿದ್ದಾರೆ ಎಂದು ಕೇಳುವ ಹಕ್ಕು ತಮಗಿದೆ.

4. ವಿವರ ಸೋರಿಕೆಯಾದರೆ ತೊಂದರೆಗೆ ಒಳಗಾಗುವವರಿಗೆ ತಡಮಾಡದೆ ತಿಳಿಸಬೇಕು. ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡವಿಲ್ಲದೆ ತಿಳಿಸಿ, 72 ಗಂಟೆಗಳೊಳಗೆ ಪೂರ್ಣ ವಿವರ ಕೊಡಬೇಕು.

5. ಕೆಲಸವನ್ನು ಹೊರಗಿನ ಕಂಪನಿಗೆ ಒಪ್ಪಿಸಿದ್ದರೂ ಹೊಣೆ ಮಾತ್ರ ವಿವರ ಪಡೆದ ಸಂಸ್ಥೆಯದ್ದೇ. ಸರಿಯಾದ ರಕ್ಷಣಾ ಕ್ರಮ ಇಡದೆ ಸೋರಿಕೆಯಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಇದು ಗರಿಷ್ಠ ಮಿತಿ. ಎಷ್ಟು ಎಂಬುದನ್ನು ತಪ್ಪಿನ ಸ್ವರೂಪ ನೋಡಿ ಮಂಡಳಿ ತೀರ್ಮಾನಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಕಾಗದದಲ್ಲೇ ಉಳಿದ ವಿವರಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಆ ಕಾಗದವನ್ನು ಕಂಪ್ಯೂಟರಿಗೆ ಸೇರಿಸಿದ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದ ಕ್ಷಣದಿಂದ ಅನ್ವಯಿಸುತ್ತದೆ. ಇಂದು ಯಾವ ಸಂಘದಲ್ಲಿ ಫೋಟೊ ತೆಗೆಯದೆ ಕೆಲಸ ನಡೆಯುತ್ತದೆ? ಆದ್ದರಿಂದ ಹಾಲು ಸಂಘವಾಗಲಿ, ಪ್ರಾಥಮಿಕ ಕೃಷಿ ಪತ್ತಿನ ಸಂಘವಾಗಲಿ, ಊರಿನ ಸಣ್ಣ ಪತ್ತಿನ ಸಹಕಾರಿಯಾಗಲಿ ನಮಗೆ ಸಂಬಂಧವಿಲ್ಲ ಎನ್ನುವ ಹಾಗಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಗೆ ಮಂಜೂರಾತಿ ನೀಡಿತು. ಕಂಪ್ಯೂಟರ್ ಬಂದ ಕಡೆ ಹೊಣೆಯೂ ಬರುತ್ತದೆ.

ಸಂಘಗಳು ಮಾಡಬೇಕಾದ್ದು

ಇದಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ. ಹಾಲಿನ ಕ್ಯಾನು ತೊಳೆಯುವಷ್ಟೇ ನಿಯಮಿತವಾದ ಶಿಸ್ತು ಬೇಕು. ಆಡಳಿತ ಮಂಡಳಿಯವರು ಮತ್ತು ಕಾರ್ಯದರ್ಶಿಗಳು ಈ ಕೆಳಗಿನ ಅಂಶಗಳನ್ನು ಒಂದೊಂದಾಗಿ ಪರಿಶೀಲಿಸಬೇಕಾಗಿ ವಿನಂತಿ.

ಅ) ಮೊದಲು ಪಟ್ಟಿ ಮಾಡಿ. ಸದಸ್ಯರ ಯಾವ ಯಾವ ವಿವರ, ಯಾವ ಬೀರುವಿನಲ್ಲಿ, ಯಾವ ಕಂಪ್ಯೂಟರಿನಲ್ಲಿ, ಯಾರ ಮೊಬೈಲಿನಲ್ಲಿ ಇದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ರಾಸು ಇವೆ ಎಂದು ತಿಳಿಯದೆ ಲಸಿಕೆ ತರಿಸಲು ಆಗುವುದಿಲ್ಲವಲ್ಲ.

ಆ) ಬೇಡದ್ದನ್ನು ತೆಗೆಯಿರಿ. ಹಳೆಯ ಆಧಾರ್ ಪ್ರತಿಗಳು, ತಿರಸ್ಕೃತ ಅರ್ಜಿಗಳು, ನಿಧನರಾದವರ ಪಾಸ್ ಬುಕ್ ಪ್ರತಿಗಳು ಮೂಲೆಯಲ್ಲಿ ಕಟ್ಟಿ ಬಿದ್ದಿರುತ್ತವೆ. ಲೆಕ್ಕ ಪರಿಶೋಧನೆಗೆ ಮತ್ತು ಇಲಾಖೆಗೆ ಬೇಕಾದ ದಾಖಲೆಗಳನ್ನು ನಿಯಮದಷ್ಟು ಕಾಲ ಇಟ್ಟುಕೊಂಡು, ಉಳಿದದ್ದನ್ನು ಮಂಡಳಿಯ ನಡಾವಳಿಯಲ್ಲಿ ದಾಖಲಿಸಿ ಸುಟ್ಟುಹಾಕಿ. ಅವನ್ನು ರದ್ದಿ ಅಂಗಡಿಗೆ ಹಾಕಬಾರದು. ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಸದಸ್ಯರ ಪಾಸ್ ಬುಕ್ ಪ್ರತಿ ಬಳಕೆಯಾಗಬಾರದು.

ಇ) ಆಧಾರ್ ಪ್ರತಿ ಬೇಕಾದಲ್ಲಿ, ಮೊದಲ 8 ಅಂಕಿ ಮರೆಮಾಡಿ ಕೊನೆಯ 4 ಅಂಕಿ ಮಾತ್ರ ತೋರಿಸುವ ಆಧಾರ್ ಸಾಕೇ ಎಂದು ನೋಡಿ. ಸಾಕಾಗುವ ಕಡೆ ಅದನ್ನೇ ಪಡೆಯಿರಿ.

ಈ) ಖಾತೆ ಸಂಖ್ಯೆ, ಆಧಾರ್ ಸಂಖ್ಯೆಗಳ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಬೇಡಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. "ಈ ಸದಸ್ಯರ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ" ಎಂದು ತಿಳಿಸಲು ಹೆಸರು ಅಥವಾ ಸದಸ್ಯ ಸಂಖ್ಯೆ ಸಾಕು.

ಉ) ಹಾಲು ಶೇಖರಣಾ ಕಂಪ್ಯೂಟರಿನ ಪಾಸ್‌ವರ್ಡ್ ಅನ್ನು ಪರದೆಯ ಪಕ್ಕ ಚೀಟಿ ಬರೆದು ಅಂಟಿಸಬೇಡಿ. ಕಾರ್ಯದರ್ಶಿ, ಹಾಲು ಪರೀಕ್ಷಕ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಯಾರಾದರೂ ಕೆಲಸ ಬಿಟ್ಟ ದಿನವೇ ಅವರ ಪಾಸ್‌ವರ್ಡ್ ರದ್ದಾಗಲಿ. ಬಟವಾಡೆ ಪಟ್ಟಿ ಬ್ಯಾಂಕಿಗೆ ಹೋಗುವ ಮುನ್ನ ಇನ್ನೊಬ್ಬರು ಅದನ್ನು ತಾಳೆ ನೋಡಿ ಸಹಿ ಹಾಕಲಿ. ಒಬ್ಬ ಸದಸ್ಯರ ಖಾತೆ ಸಂಖ್ಯೆ ಬದಲಾಗಿದ್ದರೆ ಆ ಸದಸ್ಯರನ್ನೇ ಕರೆದು ಕೇಳಿದ ನಂತರವೇ ಹಣ ಕಳುಹಿಸಿ.

ಊ) ತಂತ್ರಾಂಶ ಕಂಪನಿಯವರು ದೂರದಿಂದಲೇ ಕಂಪ್ಯೂಟರ್ ತೆರೆದು ರಿಪೇರಿ ಮಾಡುವುದುಂಟು. ಆ ಸಂಪರ್ಕವನ್ನು ಕೆಲಸವಿದ್ದಾಗ ಮಾತ್ರ ಕೊಟ್ಟು, ಮುಗಿದ ಕೂಡಲೇ ಮುಚ್ಚಿ. ಕರೆ ಮಾಡಿದವರು ನಿಜವಾಗಿ ಆ ಕಂಪನಿಯವರೇ ಎಂದು ತಮ್ಮ ಬಳಿ ಇರುವ ಸಂಖ್ಯೆಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ವಿವರ ಸೋರಿದರೆ ತಕ್ಷಣ ನಮಗೆ ತಿಳಿಸಬೇಕು ಎಂಬ ಷರತ್ತು ಕರಾರಿನಲ್ಲಿ ಇರಲಿ.

ಋ) ವಾರಕ್ಕೊಮ್ಮೆಯಾದರೂ ಲೆಕ್ಕದ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದು, ಅದನ್ನು ಕಂಪ್ಯೂಟರಿನಿಂದ ಕಳಚಿ ಬೀರುವಿನಲ್ಲಿಡಿ. ಒತ್ತೆಹಣ ಕೇಳುವವರ ದಾಳಿಯಾದರೆ ಕೈಹಿಡಿಯುವುದು ಈ ಪ್ರತಿಯೇ. ಡಿಸ್ಕ್ ಕಂಪ್ಯೂಟರಿಗೆ ಅಂಟಿಕೊಂಡೇ ಇದ್ದರೆ ಅದೂ ಜೊತೆಯಲ್ಲೇ ಹಾಳಾಗುತ್ತದೆ.

ಇವೆಲ್ಲ ಮಾಡಿದ್ದೇವೆ ಎಂದು ವಾರ್ಷಿಕ ಮಹಾಸಭೆಯಲ್ಲಿ ಎರಡು ಮಾತಿನ ವರದಿ ಕೊಡುವ ಪದ್ಧತಿ ಬಂದರೆ ಒಳ್ಳೆಯದು. ಕೆಚ್ಚಲು ಬಾವು ಎದ್ದು ಕಾಣುವ ಮುಂಚೆ ಒಳಗೇ ಇರುವುದುಂಟು. ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಪರೀಕ್ಷೆ ಮಾಡಿದಾಗಲೇ ತಿಳಿಯುವುದು. ವಿವರ ಸೋರಿಕೆಯೂ ಹೀಗೆಯೇ. ಕಳುವಾದ ಕಾಗದ ಬೀರುವಿನಲ್ಲೇ ಇರುತ್ತದೆ, ಅದರ ಪ್ರತಿ ಮಾತ್ರ ಊರೂರು ತಿರುಗುತ್ತಿರುತ್ತದೆ. ಆದ್ದರಿಂದ ಇದುವರೆಗೆ ಏನೂ ಆಗಿಲ್ಲ ಎಂಬುದು ಸುರಕ್ಷಿತವಾಗಿದ್ದೇವೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ಸದಸ್ಯರು ಮಾಡಬೇಕಾದ್ದು

ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ "ರಾಸು ವಿಮೆಗಾಗಿ ಮಾತ್ರ" ಅಥವಾ "ಪ್ರೋತ್ಸಾಹಧನಕ್ಕಾಗಿ ಮಾತ್ರ" ಎಂದು ಬರೆದು ದಿನಾಂಕ ಹಾಕಿ. ಓದು ಬರಹ ಬಾರದವರು ಮಕ್ಕಳಿಂದ ಬರೆಸಿ. ಜೆರಾಕ್ಸ್ ಅಂಗಡಿಯಲ್ಲಿ ಹಾಳಾದ ಪ್ರತಿಯನ್ನು ಬಿಟ್ಟು ಬರಬೇಡಿ.

ಬ್ಯಾಂಕಿನಲ್ಲಿ ತಮ್ಮ ಈಗಿನ ಮೊಬೈಲ್ ಸಂಖ್ಯೆ ಇದೆಯೇ ಎಂದು ಈ ವಾರವೇ ವಿಚಾರಿಸಿ. ಬಳಸದೆ ಬಿಟ್ಟು ರದ್ದಾದ ಸಂಖ್ಯೆಯನ್ನು, ರದ್ದಾದ 90 ದಿನಗಳ ನಂತರ ಕಂಪನಿಯು ಬೇರೆಯವರಿಗೆ ಕೊಡಬಹುದು. ಆಗ ತಮ್ಮ ಖಾತೆಯ ಸಂದೇಶಗಳು ಅಪರಿಚಿತರಿಗೆ ಹೋಗುತ್ತವೆ, ಹಣ ಹೋದರೂ ತಮಗೆ ತಿಳಿಯುವುದಿಲ್ಲ.

ಬೆರಳಚ್ಚಿಗೆ ಬೀಗ ಹಾಕಬಹುದೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದ ಮೂಲಕ ಈ ಬೀಗ ಹಾಕಬಹುದು. ತಿಳಿಯದಿದ್ದರೆ 1947 ಸಂಖ್ಯೆಗೆ ಕರೆ ಮಾಡಿ ಕೇಳಿ. ಬೀಗ ಹಾಕಿದ ಮೇಲೆ ತಮ್ಮ ಬೆರಳಚ್ಚಿನ ನಕಲಿಯಿಂದಲೂ ಹಣ ತೆಗೆಯಲು ಆಗುವುದಿಲ್ಲ. ಖಾತೆಗೆ ಬರುವ ಹಾಲಿನ ಹಣ, ಪ್ರೋತ್ಸಾಹಧನಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಆದರೆ ಒಂದು ಮಾತು ನೆನಪಿರಲಿ: ಪಡಿತರ ಅಂಗಡಿಯಲ್ಲಿ ಬೆರಳು ಇಡಬೇಕಾದ ದಿನ ಬೀಗವನ್ನು ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ.

ಬ್ಯಾಂಕ್ ಪ್ರತಿನಿಧಿಯ ಯಂತ್ರದ ಮೇಲೆ ಬೆರಳು ಇಟ್ಟಾಗ ರಸೀದಿ ಕೇಳಿ ಪಡೆಯಿರಿ. "ಸರ್ವರ್ ಇಲ್ಲ, ಇನ್ನೊಮ್ಮೆ ಇಡಿ" ಎಂದರೆ, ಮೊದಲ ಸಲದ ವ್ಯವಹಾರ ವಿಫಲವಾಯಿತೆಂಬ ಚೀಟಿ ಅಥವಾ ಸಂದೇಶ ನೋಡಿದ ನಂತರವೇ ಎರಡನೇ ಸಲ ಇಡಿ.

ಸದಸ್ಯರು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ಒಟಿಪಿ ಯಾರಿಗೂ ಹೇಳಬೇಡಿ ಎನ್ನುತ್ತೀರಿ. ಆದರೆ ರಾಸು ನೋಂದಣಿಗೆ ಬಂದವರೂ ಒಟಿಪಿ ಕೇಳುತ್ತಾರಲ್ಲ?

ಉತ್ತರ: ಪ್ರಶ್ನೆ ಸರಿಯಾಗಿದೆ. ಸಂದೇಶವನ್ನು ಪೂರ್ತಿ ಓದುವುದೇ ಇದಕ್ಕೆ ಉಪಾಯ. ಯಾರಿಂದ ಬಂದಿದೆ, ಯಾವ ಕೆಲಸಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ. ರಾಸಿನ ನೋಂದಣಿಗೆ ಎಂದಿದ್ದು, ಸಿಬ್ಬಂದಿ ತಮ್ಮ ಕೊಟ್ಟಿಗೆಯಲ್ಲೇ ನಿಂತಿದ್ದರೆ ಹೇಳಬಹುದು. ಬ್ಯಾಂಕಿನ ಹೆಸರು, ಹಣದ ಮೊತ್ತ ಅಥವಾ ಆಧಾರ್ ಎಂಬ ಪದ ಇದ್ದರೆ ನಮ್ಮ ಸಿಬ್ಬಂದಿ ಕೇಳಿದರೂ ಹೇಳಬೇಡಿ. ಫೋನಿನಲ್ಲಿ ಕೇಳಿದರೆ ಯಾವುದನ್ನೂ ಹೇಳಬೇಡಿ.

ಪ್ರಶ್ನೆ: ಪಿಎಂ ಕಿಸಾನ್ ಹಣ, ಪ್ರೋತ್ಸಾಹಧನ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಡತ ಬಂದಿದೆ. ತೆರೆಯಬಹುದೇ?

ಉತ್ತರ: ಬೇಡ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿರುವ ಕಡತ ಮೊಬೈಲಿನೊಳಗೆ ಆ್ಯಪ್ ಕೂರಿಸುವಂಥದ್ದು. ವಂಚಕರ ಇಂಥ ಆ್ಯಪ್ ತಮ್ಮ ಸಂದೇಶಗಳನ್ನು ಓದಿ ಒಟಿಪಿಯನ್ನು ತಾನೇ ಕಳುಹಿಸಬಲ್ಲದು. ಪರಿಚಿತರ ಸಂಖ್ಯೆಯಿಂದ ಬಂದರೂ ಅಳಿಸಿಬಿಡಿ, ಅವರ ಮೊಬೈಲೂ ಸಿಕ್ಕಿಬಿದ್ದಿರಬಹುದು.

ಪ್ರಶ್ನೆ: ಹಣ ಹೋಗಿಯೇಬಿಟ್ಟಿದೆ. ಏನು ಮಾಡಬೇಕು?

ಉತ್ತರ: ಕೂಡಲೇ 1930ಕ್ಕೆ ಕರೆ ಮಾಡಿ. ಇದು ಹಣದ ಸೈಬರ್ ವಂಚನೆಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುವಾಗಲೇ ಅದನ್ನು ಅಲ್ಲಲ್ಲೇ ತಡೆಹಿಡಿಯುವ ವ್ಯವಸ್ಥೆ ಇದರ ಹಿಂದೆ ಇದೆ. ಆದ್ದರಿಂದ ಮೊದಲ ಒಂದೆರಡು ಗಂಟೆ ಬಹಳ ಮುಖ್ಯ. ನಂತರ ಬ್ಯಾಂಕಿಗೆ ಹೋಗಿ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ಗ್ರಾಹಕರ ತಪ್ಪಿಲ್ಲದೆ ಮೂರನೆಯವರ ಮೋಸದಿಂದ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ಗ್ರಾಹಕರದ್ದಲ್ಲ ಎಂಬ ತತ್ವವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿಯೇ ಸುತ್ತೋಲೆ ಮೂಲಕ ಗೊತ್ತುಪಡಿಸಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಇದನ್ನು ತಿಳಿಸಿತು. "ಮುಂದಿನ ಸಂತೆಗೆ ಹೋದಾಗ ಬ್ಯಾಂಕಿಗೆ ಹೋದರಾಯಿತು" ಎಂದು ತಡಮಾಡಿದರೆ ಈ ರಕ್ಷಣೆ ಕೈತಪ್ಪಬಹುದು.

ಪ್ರಶ್ನೆ: ಸಂಘದಿಂದಲೇ ವಿವರ ಸೋರಿರಬಹುದೆಂಬ ಅನುಮಾನವಿದೆ. ಕೇಳಿದರೆ ಕಾರ್ಯದರ್ಶಿಗಳು ಬೇಸರಪಟ್ಟುಕೊಳ್ಳುವುದಿಲ್ಲವೇ?

ಉತ್ತರ: ಹಾಲಿನ ಫ್ಯಾಟ್ ಕಡಿಮೆ ಬಂದಾಗ ಮತ್ತೊಮ್ಮೆ ಪರೀಕ್ಷೆ ಮಾಡಿ ಎಂದು ಕೇಳುತ್ತೀರಿ. ಅದು ಜಗಳವಲ್ಲ, ಸದಸ್ಯರ ಹಕ್ಕು. ಇದೂ ಹಾಗೆಯೇ. ಮಂಡಳಿಗೆ ಒಂದು ಅರ್ಜಿ ಬರೆದುಕೊಡಿ. ಸೋರಿಕೆ ನಿಜವಾದರೆ ಅದನ್ನು ಮುಚ್ಚಿಡುವುದು ಸಂಘಕ್ಕೇ ಹೆಚ್ಚು ಅಪಾಯ. ಒಬ್ಬರಿಗೆ ಆದದ್ದು ಅಂದೇ ಎಲ್ಲರಿಗೂ ತಿಳಿದರೆ ಉಳಿದ ಸದಸ್ಯರ ಖಾತೆಗಳು ಉಳಿಯುತ್ತವೆ. ಒಂದು ಮನೆಯ ರಾಸಿಗೆ ಬಂದ ಜ್ವರವನ್ನು ಮುಚ್ಚಿಟ್ಟರೆ ಇಡೀ ಊರಿನ ರಾಸುಗಳಿಗೆ ಬರುವುದನ್ನು ತಾವೆಲ್ಲ ಬಲ್ಲಿರಿ.

ಕೊನೆಯದಾಗಿ

ಸದಸ್ಯರು ಕೊಟ್ಟ ವಿವರ ಸಂಘದ ಆಸ್ತಿಯಲ್ಲ. ಅದು ಸದಸ್ಯರು ನಂಬಿ ಇಟ್ಟ ಠೇವಣಿ. ಠೇವಣಿಯನ್ನು ಹೇಗೆ ಕಾಯುತ್ತೇವೆಯೋ ಹಾಗೆಯೇ ಅದನ್ನೂ ಕಾಯಬೇಕು: ಬೇಕಾದಷ್ಟೇ ಪಡೆಯುವುದು, ಬೀಗದಲ್ಲಿಡುವುದು, ಕೆಲಸ ಮುಗಿದ ಮೇಲೆ ನಾಶಪಡಿಸುವುದು, ಕಳೆದರೆ ತಕ್ಷಣ ಹೇಳುವುದು. ಈ ನಾಲ್ಕನ್ನು ಪಾಲಿಸಿದ ಸಂಘ ಕಾಯ್ದೆಯ ಬಹುಪಾಲನ್ನು ಪಾಲಿಸಿದಂತೆಯೇ. ಮುಂದಿನ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಲು ಸದಸ್ಯರು ಕಾರ್ಯದರ್ಶಿಗಳನ್ನು ಕೋರಬೇಕು. 1930 ಎಂಬ ಸಂಖ್ಯೆಯನ್ನು ಹಾಲು ಅಳೆಯುವ ಜಾಗದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರೆ, ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವ ಪ್ರತಿಯೊಬ್ಬರಿಗೂ ಅದು ಬಾಯಿಪಾಠವಾಗುತ್ತದೆ.